ಫಿರಂಗಿ ಮಹಲ್: ಒಂದು ಮನೆ, ಒಂದು ಮನೆತನ, ಒಂದು ಪಾಠಕ್ರಮ

ಮಗನನ್ನು ಆಲಿಮ್ ಕೋರ್ಸಿಗೆ ಸೇರಿಸಿದ ಪ್ರತಿಯೊಂದು ಕುಟುಂಬವೂ ‘ದರ್ಸೆ ನಿಜಾಮಿ’ ಎಂಬ ಹೆಸರನ್ನು ಕೇಳಿಯೇ ಇರುತ್ತದೆ. ಆದರೆ ಈ ನಿಜಾಮರು ಯಾರು? ನಮ್ಮಲ್ಲಿ ಕೆಲವರು ಹನ್ನೊಂದನೆಯ ಶತಮಾನದ ಬಗ್ದಾದಿನ ನಿಜಾಮಿಯಾ ಮದ್ರಸವನ್ನು ನೆನೆಯುತ್ತಾರೆ. ಇನ್ನು ಕೆಲವರು ಹೈದರಾಬಾದಿನ ನಿಜಾಮರನ್ನು ಹೆಸರಿಸುತ್ತಾರೆ. ಎರಡೂ ಸರಿಯಲ್ಲ. ಅದು ಲಕ್ನೋ ನಗರದ ಮುಲ್ಲಾ ನಿಜಾಮುದ್ದೀನರ ಹೆಸರು. ಆ ಹೆಸರಿನ ಹಿಂದೆ ಒಂದು ಕೊಲೆಯೂ, ಸುಟ್ಟುಹೋದ ಒಂದು ಗ್ರಂಥಾಲಯವೂ ಇವೆ.

ಲಕ್ನೋ ಸಮೀಪದ ಸಿಹಾಲಿ ಎಂಬ ಊರಿನಲ್ಲಿ ಮುಲ್ಲಾ ಕುತುಬುದ್ದೀನ್ ಎಂಬ ಮಹಾವಿದ್ವಾಂಸರಿದ್ದರು. ಸುಮಾರು 1692ರಲ್ಲಿ ಜಮೀನಿನ ವಿವಾದದ ಕಾರಣದಿಂದ ವಿರೋಧಿಗಳು ಅವರನ್ನು ಕೊಂದು, ಅವರ ಗ್ರಂಥಗಳನ್ನು ಸುಟ್ಟುಹಾಕಿದರು. ದಿಕ್ಕುಗೆಟ್ಟ ನಾಲ್ವರು ಮಕ್ಕಳ ಕುಟುಂಬಕ್ಕೆ ಬಾದಶಹ ಔರಂಗಜೇಬ್ ಲಕ್ನೋದಲ್ಲಿ ಒಂದು ಮನೆಯನ್ನು ದಯಪಾಲಿಸಿದರು. ಅದು ಹಿಂದೆ ಐರೋಪ್ಯ ವ್ಯಾಪಾರಿಯೊಬ್ಬನದಾಗಿತ್ತು. ಆದ್ದರಿಂದಲೇ ಜನರು ಅದನ್ನು ‘ಫಿರಂಗಿ ಮಹಲ್’ ಎನ್ನುತ್ತಿದ್ದರು. ಕನ್ನಡದಲ್ಲಿ ನಾವು ‘ಪರಂಗಿ’ ಎನ್ನುವುದೂ ಅದೇ ಪದವನ್ನೇ. ಪರದೇಶಿಯ ಹೆಸರು ಮನೆಗೆ ಉಳಿಯಿತು, ಮನೆಯ ಹೆಸರು ಮನೆತನಕ್ಕೆ ಅಂಟಿತು. ಮುಂದೆ ಆ ವಂಶದ ಉಲಮಾಗಳೆಲ್ಲರೂ ‘ಫಿರಂಗಿ ಮಹಲಿ’ಗಳೆಂದೇ ಪ್ರಸಿದ್ಧರಾದರು.

ತಂದೆಯನ್ನು ಕಳೆದುಕೊಂಡಾಗ ನಿಜಾಮುದ್ದೀನರು ಇನ್ನೂ ಹದಿಹರೆಯದ ಬಾಲಕ. ಅವರು ವಿದ್ಯಾಭ್ಯಾಸವನ್ನು ಪೂರ್ಣಗೊಳಿಸಿ, 1748ರಲ್ಲಿ ತೀರಿಕೊಳ್ಳುವವರೆಗೂ ಅದೇ ಮನೆಯಲ್ಲಿ ದರ್ಸ್ ನಡೆಸಿದರು. ವ್ಯಾಕರಣ, ತರ್ಕ, ತತ್ತ್ವಶಾಸ್ತ್ರ, ಫಿಕ್ಹ್ ಮೊದಲಾದ ಪ್ರತಿಯೊಂದು ವಿಷಯದಲ್ಲೂ ಆಯ್ದ ಕೆಲವೇ ಕಠಿಣ ಕಿತಾಬುಗಳನ್ನು ಆಳವಾಗಿ ಓದಿಸುವುದು ಅವರ ಕ್ರಮ. ಅವುಗಳನ್ನು ಅರಗಿಸಿಕೊಂಡ ವಿದ್ಯಾರ್ಥಿಯು ಉಳಿದ ಗ್ರಂಥಗಳನ್ನು ಸ್ವಂತ ಬಲದಿಂದ ಓದಬಲ್ಲನು ಎಂಬುದು ಅದರ ತಿರುಳು.

ಗಮನಿಸಬೇಕಾದ ಸಂಗತಿಯೊಂದಿದೆ. ಸುಮಾರು ಎರಡು ಶತಮಾನಗಳ ಕಾಲ ಇಲ್ಲಿ ಇಂದಿನ ರೀತಿಯ ಮದ್ರಸವೇ ಇರಲಿಲ್ಲ. ಆ ಮನೆತನದ ವಿದ್ವಾಂಸರು ತಂತಮ್ಮ ಮನೆಗಳಲ್ಲೇ ಪಾಠ ಹೇಳುತ್ತಿದ್ದರು. ವ್ಯವಸ್ಥಿತವಾದ ಮದ್ರಸ ನಿಜಾಮಿಯಾವನ್ನು ಮೌಲಾನಾ ಅಬ್ದುಲ್ ಬಾರಿಯವರು ಸ್ಥಾಪಿಸಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಅಷ್ಟರೊಳಗೆ ಪಾಠಕ್ರಮವು ಕಟ್ಟಡವನ್ನು ಬಹುದೂರ ಮೀರಿ ಸಾಗಿತ್ತು. ನಿಜಾಮುದ್ದೀನರ ಪುತ್ರ, ‘ಬಹ್ರುಲ್ ಉಲೂಮ್’ ಎಂದು ಖ್ಯಾತರಾದ ಅಬ್ದುಲ್ ಅಲಿಯವರು ಅದನ್ನು ರಾಂಪುರ, ಬಂಗಾಳಗಳ ಮಾರ್ಗವಾಗಿ ದಕ್ಷಿಣದ ಮದ್ರಾಸಿನವರೆಗೆ ತಂದರು. 1810ರಲ್ಲಿ ಅಲ್ಲಿಯೇ ನಿಧನರಾದರು. 1866ರಲ್ಲಿ ಆರಂಭವಾದ ದೇವಬಂದ್ ದಾರುಲ್ ಉಲೂಮ್ ಹದೀಸ್ ಅಧ್ಯಯನವನ್ನು ಹೆಚ್ಚಿಸಿಕೊಂಡು ಇದೇ ಕ್ರಮವನ್ನು ಅಳವಡಿಸಿಕೊಂಡಿತು. ಬರೇಲ್ವಿ ಮದ್ರಸಗಳಲ್ಲೂ ಇದೇ ದರ್ಸ್ ನಡೆಯುತ್ತದೆ. ಮಸ್ಲಕ್ ಬೇರೆಯಾದರೂ ಪಾಠದ ಮೂಲ ಒಂದೇ ಎಂಬುದನ್ನು ನಾವು ಮರೆಯಬಾರದು.

ಇಂದು ನಾವು ಮನೆಯ ಗೇಟಿನ ಮೇಲೆ ಮನೆತನದ ಹೆಸರನ್ನು ಕೆತ್ತಿಸುತ್ತೇವೆ. ಹಿರಿಯರ ಹೆಸರಿನಲ್ಲಿ ಶಾಲೆಗೆ ಕೋಣೆ ಕಟ್ಟಿಸಿ ಫಲಕ ಹಾಕಿಸುತ್ತೇವೆ. ಅದು ತಪ್ಪಲ್ಲ, ಸದುದ್ದೇಶವಿದ್ದರೆ ಪುಣ್ಯವೇ. ಆದರೆ ಕುತುಬುದ್ದೀನರ ಜಮೀನು ಯಾರ ಪಾಲಾಯಿತೆಂದು ಇಂದು ಯಾರೂ ಕೇಳುವುದಿಲ್ಲ. ಅವರ ಮಗ ಕಲಿಸಿದ ಪಾಠವನ್ನು ಮಾತ್ರ ಉಪಖಂಡದ ಮದ್ರಸಗಳು ಇಂದಿಗೂ ಓದುತ್ತಿವೆ. ಹಂತಕರು ಕಿತಾಬುಗಳನ್ನು ಸುಟ್ಟರು, ಕಲಿಸುವ ಅಭ್ಯಾಸವನ್ನು ಸುಡಲಾಗಲಿಲ್ಲ. ಮಕ್ಕಳನ್ನು ಮದ್ರಸಕ್ಕೆ ಕಳುಹಿಸಿದ ಮಾತ್ರಕ್ಕೆ ಮನೆಯ ಹೊಣೆ ತೀರುವುದಿಲ್ಲ. ಮಗ್ರಿಬ್ ನಮಾಝಿನ ಬಳಿಕ ನಮ್ಮ ಮನೆಗಳಲ್ಲೂ ಒಂದು ಪುಟದ ಓದು ನಡೆಯಲಿ. ಅಲ್ಲಾಹನು ನಮ್ಮ ಮನೆಗಳನ್ನು ಇಲ್ಮ್‌ನ ಮನೆಗಳನ್ನಾಗಿಸಲಿ, ಆಮೀನ್.