ಅಮೆರಿಕದ ಅಂಚೆಚೀಟಿಗಳು ಮತ್ತು ಟಪಾಲು ಸಾರಿಗೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅಂಚೆಯೂ ಸಾರಿಗೆಯೂ ಒಂದನ್ನೊಂದು ಬೆಳೆಸಿದವು. ವೇಗದ ವಾಹನ ಬಂದಾಗಲೆಲ್ಲ ಅಂಚೆ ಇಲಾಖೆ ಅದಕ್ಕೆ ಟಪಾಲು ಒಪ್ಪಿಸಿತು. ಆ ಗುತ್ತಿಗೆಯ ಹಣದಿಂದ ಹೊಸ ಮಾರ್ಗಗಳು ನೆಲೆಗೊಂಡವು. ಈ ಬೆಳವಣಿಗೆಯ ಸಚಿತ್ರ ದಾಖಲೆ ಅಲ್ಲಿನ ಅಂಚೆಚೀಟಿಗಳಲ್ಲಿದೆ.

ಆರಂಭ: 1775ರ ಜುಲೈ 26ರಂದು ಕಾಂಟಿನೆಂಟಲ್ ಕಾಂಗ್ರೆಸ್ ಬೆಂಜಮಿನ್ ಫ್ರಾಂಕ್ಲಿನ್ ಅವರನ್ನು ಪೋಸ್ಟ್‌ಮಾಸ್ಟರ್ ಜನರಲ್ ಆಗಿ ನೇಮಿಸಿತು. 1792ರ ಕಾಯಿದೆ ವೃತ್ತಪತ್ರಿಕೆಗಳ ದರವನ್ನು ಅಗ್ಗವಾಗಿಟ್ಟಿತು. ಕಾಗದಗಳಿಗಾದರೋ ದೂರ ಮತ್ತು ಹಾಳೆಗಳ ಲೆಕ್ಕದಲ್ಲಿ ದುಬಾರಿ ದರವಿತ್ತು. ಹೆಚ್ಚಾಗಿ ಅದನ್ನು ಪಡೆದವರೇ ತೆರುತ್ತಿದ್ದರು. 1845ರಲ್ಲಿ ಅರ್ಧ ಔನ್ಸ್ ಕಾಗದಕ್ಕೆ 300 ಮೈಲಿಯವರೆಗೆ 5 ಸೆಂಟ್, ಅದರಾಚೆಗೆ 10 ಸೆಂಟ್ ಎಂದು ನಿಗದಿಯಾಯಿತು. ಅದೇ ಬೆಲೆಗಳಲ್ಲಿ, ಫ್ರಾಂಕ್ಲಿನ್ ಮತ್ತು ವಾಷಿಂಗ್ಟನ್ ಚಿತ್ರವಿರುವ ಮೊದಲ ರಾಷ್ಟ್ರೀಯ ಅಂಚೆಚೀಟಿಗಳು 1847ರ ಜುಲೈ 1ರಂದು ಬಂದವು. ಅವುಗಳಿಗೆ ಅಂಚಿನ ರಂಧ್ರಗಳಿರಲಿಲ್ಲ, ಕತ್ತರಿಯಿಂದಲೇ ಬಿಡಿಸಬೇಕಿತ್ತು.

ಕುದುರೆಯಿಂದ ರೈಲಿಗೆ: 1858ರಲ್ಲಿ ಬಟರ್‌ಫೀಲ್ಡ್ ಕುದುರೆಗಾಡಿಗಳು ಮಿಸೂರಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 25 ದಿನಗಳಲ್ಲಿ ಟಪಾಲು ಮುಟ್ಟಿಸುವ ಹೊಣೆ ಹೊತ್ತವು. 1860ರ ಏಪ್ರಿಲ್‌ನಲ್ಲಿ ಹೊರಟ ಪೋನಿ ಎಕ್ಸ್‌ಪ್ರೆಸ್‌ನ ಸವಾರರು ಸೇಂಟ್ ಜೋಸೆಫ್‌ನಿಂದ ಸ್ಯಾಕ್ರಮೆಂಟೊವರೆಗಿನ ಪಯಣವನ್ನು ಸುಮಾರು 10 ದಿನಗಳಿಗೆ ಇಳಿಸಿದರು. ಮರುವರ್ಷ ಅಕ್ಟೋಬರ್‌ನಲ್ಲಿ ಖಂಡದುದ್ದಕ್ಕೂ ತಂತಿ ಬೆಸೆದದ್ದೇ ಆ ಸೇವೆ ನಿಂತಿತು. 1864ರಿಂದ ಚಿಕಾಗೋ ಮತ್ತು ಕ್ಲಿಂಟನ್ ನಡುವೆ ಓಡುವ ರೈಲಿನಲ್ಲೇ ಕಾಗದಗಳನ್ನು ವಿಂಗಡಿಸುವ ಪದ್ಧತಿ ಬಂತು. ನಿಲ್ದಾಣಗಳಲ್ಲಿ ಕಾಯುವ ಹೊತ್ತು ಉಳಿಯಿತು. ಖಂಡಾಂತರ ರೈಲುಮಾರ್ಗ ಕೂಡಿದ 1869ರಲ್ಲೇ ಅಂಚೆ ಸವಾರ, ರೈಲು ಎಂಜಿನ್, ಉಗಿಹಡಗುಗಳ ಚೀಟಿಗಳು ಪ್ರಕಟವಾದವು. ಮುಖಚಿತ್ರಗಳಿಗೆ ಒಗ್ಗಿದ್ದ ಜನ ಅವನ್ನು ಮೆಚ್ಚಲಿಲ್ಲ. ಇಂದು ಸಂಗ್ರಾಹಕರಿಗೆ ಅವು ಅಚ್ಚುಮೆಚ್ಚು.

ಹಳ್ಳಿಯ ದಾರಿ: 1896ರಲ್ಲಿ ಪಶ್ಚಿಮ ವರ್ಜೀನಿಯಾದಲ್ಲಿ ಗ್ರಾಮೀಣ ಉಚಿತ ಬಟವಾಡೆ ಆರಂಭವಾಯಿತು. ರಸ್ತೆ ಕೆಟ್ಟಿದ್ದರೆ ಇಲಾಖೆ ಈ ಸೇವೆ ಕೊಡುತ್ತಿರಲಿಲ್ಲ. ಹೀಗಾಗಿ ಅನೇಕ ಊರುಗಳು ರಸ್ತೆ, ಸೇತುವೆಗಳನ್ನು ದುರಸ್ತಿ ಮಾಡಿಸಿದವು. 1913ರಲ್ಲಿ ಪಾರ್ಸೆಲ್ ಅಂಚೆಯೂ ಸೇರಿ, ರೈತರ ಮನೆಬಾಗಿಲಿಗೆ ಪೇಟೆಯ ಸರಕು ಬಂತು. ಆ ಸೇವೆಗೆಂದು ಅಚ್ಚಾದ 20 ಸೆಂಟ್‌ನ ಚೀಟಿ ವಿಮಾನದ ಚಿತ್ರ ಹೊತ್ತ ಜಗತ್ತಿನ ಮೊದಲ ಅಂಚೆಚೀಟಿ.

ವಿಮಾನ ಟಪಾಲು: 1918ರ ಮೇ 15ರಂದು ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್ ನಡುವೆ ನಿಯತ ವಿಮಾನ ಅಂಚೆ ಆರಂಭವಾಯಿತು. ಇದಕ್ಕಾಗಿ ಅಚ್ಚಾದ 24 ಸೆಂಟ್ ಚೀಟಿಗಳ ಪೈಕಿ 100 ಚೀಟಿಗಳ ಒಂದು ಹಾಳೆಯಲ್ಲಿ ಕರ್ಟಿಸ್ ಜೆನ್ನಿ ವಿಮಾನ ತಲೆಕೆಳಗಾಗಿ ಮುದ್ರಣಗೊಂಡು ಜಗತ್ಪ್ರಸಿದ್ಧವಾಯಿತು. 1925ರ ಕೆಲ್ಲಿ ಕಾಯಿದೆಯಿಂದ ವಿಮಾನ ಟಪಾಲಿನ ಗುತ್ತಿಗೆ ಖಾಸಗಿ ಕಂಪನಿಗಳಿಗೆ ದೊರೆಯಿತು. ಪ್ರಯಾಣಿಕರು ವಿರಳವಾಗಿದ್ದ ಆ ಕಾಲದಲ್ಲಿ ಅಮೆರಿಕದ ನಾಗರಿಕ ವಿಮಾನಯಾನವನ್ನು ಕಾಲೂರಿಸಿದ್ದು ಈ ಆದಾಯವೇ.