ಪೊಟ್ಟಣದ ತೂಕ, ಸಾವಿನ ಹೊಣೆ: ಮಂಗಳೂರಿನ ನೆಲೆಯಿಂದ ಒಂದು ಕಾನೂನು ವಿಚಾರ

ಅರ್ಧ ಗ್ರಾಂ ಎಂಡಿಎಂಎ ಮಾದಕವಸ್ತು ಎಂದರೆ ಕಲ್ಲುಸಕ್ಕರೆಯ ಒಂದು ಚಿಕ್ಕ ಹರಳಿನಷ್ಟು. ಮಂಗಳೂರಿನಲ್ಲಿ ಪೆಡ್ಲರ್ ಸಿಕ್ಕಿಬಿದ್ದಾಗ ಪಂಚರ ಎದುರು ಆ ಹರಳು ಡಿಜಿಟಲ್ ತಕ್ಕಡಿ ಏರುತ್ತದೆ. ಮಹಜರಿನ ಜೀವಾಳವೇ ಆ ಅಂಕಿ. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಈ ವಸ್ತು ಅರ್ಧ ಗ್ರಾಂವರೆಗಿದ್ದರೆ ಅಲ್ಪ ಪ್ರಮಾಣ, ಹೆಚ್ಚೆಂದರೆ ಒಂದು ವರ್ಷದ ಸಜೆ; 10 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ, 10ರಿಂದ 20 ವರ್ಷ. ಆ ಪೊಟ್ಟಣ ಸೇವಿಸಿ ಯಾರಾದರೂ ಸತ್ತರೇ ಎಂಬ ಪ್ರಶ್ನೆಗೆ ಈ ಕೋಷ್ಟಕದಲ್ಲಿ ಜಾಗವೇ ಇಲ್ಲ.

ಸಾವು ಕಾನೂನಿನೊಳಗೆ ಬರುವುದು ಬೇರೆ ಬಾಗಿಲಿನಿಂದ. ಠಾಣೆಯಲ್ಲಿ ಅಸಹಜ ಸಾವಿನ ಪ್ರಕರಣ ದಾಖಲಾಗುತ್ತದೆ. ಶವಾಗಾರದಲ್ಲಿ ಜಠರ, ಯಕೃತ್ತು, ಮೂತ್ರಪಿಂಡಗಳ ತುಂಡುಗಳನ್ನು ದಟ್ಟ ಉಪ್ಪುನೀರಿನ ಜಾಡಿಗೆ ಹಾಕಿ, ಅರಗಿನ ಮುದ್ರೆ ಒತ್ತಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಆದರೆ ಎಂಡಿಎಂಎ ವಿಷಯದಲ್ಲಿ ಇಷ್ಟು ಸೇರಿದರೆ ಸಾವು ಖಚಿತ ಎನ್ನುವ ಗೆರೆಯಿಲ್ಲ. ಒಬ್ಬನನ್ನು ಕೊಂದ ಪ್ರಮಾಣದಲ್ಲಿ ಇನ್ನೊಬ್ಬ ಬದುಕಿದ್ದಾನೆ. ಮೈಯ ತಾಪ ಏರಿ ಸತ್ತವರಿದ್ದಾರೆ, ಅತಿಯಾಗಿ ನೀರು ಕುಡಿದು ಸೋಡಿಯಂ ಕುಸಿದು ಸತ್ತವರೂ ಇದ್ದಾರೆ. ಹೆರಾಯಿನ್‌ಗೆ ನಲೊಕ್ಸೋನ್ ಇರುವಂತೆ ಇದಕ್ಕೆ ಪ್ರತ್ಯೌಷಧವಿಲ್ಲ. ಸಂಗಡ ಮದ್ಯವೋ ಬೇರೆ ಮಾತ್ರೆಯೋ ಸೇರಿದ್ದರೆ ಕೊಂದದ್ದು ಯಾವುದು ಎಂದು ಹೇಳುವುದು ಇನ್ನೂ ಕಷ್ಟ.

ನಮ್ಮ ನ್ಯಾಯಾಲಯಗಳು ಮಾತ್ರ ಆ ಖಚಿತತೆಯನ್ನೇ ಕೇಳುತ್ತವೆ. 1972ರ ಅಂಬಾಲಾಲ್ ಭಟ್ ಪ್ರಕರಣದಲ್ಲಿ ವಿಷಪೂರಿತ ಗ್ಲೂಕೋಸ್ ಸಲೈನ್‌ನಿಂದ ರೋಗಿಗಳು ಸತ್ತಿದ್ದರು. ತಯಾರಿಕೆಯ ಹೊಣೆ ಹೊತ್ತಿದ್ದ ರಸಾಯನತಜ್ಞನನ್ನು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಆ ಸಾವುಗಳಿಗೆ ಅವನ ನಿರ್ಲಕ್ಷ್ಯವೇ ನೇರ ಕಾರಣ ಎಂಬುದು ರುಜುವಾತಾಗಿರಲಿಲ್ಲ. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 2007ರ ಕೆನಡಿ ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು: ಹೆರಾಯಿನ್ ಸಿರಿಂಜನ್ನು ಸಿದ್ಧಮಾಡಿ ಕೈಗೆ ಕೊಟ್ಟರೂ, ತಿಳಿದು, ಸ್ವಂತ ಇಚ್ಛೆಯಿಂದ ವಯಸ್ಕನೊಬ್ಬ ಚುಚ್ಚಿಕೊಂಡರೆ ಕೊಟ್ಟವನು ನರಹತ್ಯೆಯ ದೋಷಿಯಲ್ಲ.

ಹಾಗಾದರೆ ಕಳ್ಳಭಟ್ಟಿ ಮಾರಿದವರಿಗೆ ಜೀವಾವಧಿ ಆಗುವುದು ಹೇಗೆ? 2000ದ ಅಕ್ಟೋಬರಿನಲ್ಲಿ ಕೇರಳದ ಕಲ್ಲುವಾತುಕ್ಕಲ್‌ನಲ್ಲಿ 31 ಮಂದಿ ಸತ್ತರು. ಮುಖ್ಯ ಆರೋಪಿ ಮಣಿಚ್ಚನ್‌ನ ಜೀವಾವಧಿಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಕುಡಿದವರಿಗೆ ಗೊತ್ತಿಲ್ಲದ ಮೆಥನಾಲ್ ಇತ್ತು. ಅರಿವು ಮಾರುವವನ ಬಳಿ, ಅಪಾಯ ಕೊಳ್ಳುವವನ ಬಳಿ. ಈ ಅಸಮತೆ ಇರುವಲ್ಲಿ, ಅಂದರೆ ಒಂದು ವಸ್ತುವಿನ ಹೆಸರಲ್ಲಿ ಬೇರೆಯದನ್ನು ಕೊಟ್ಟಲ್ಲಿ, ಭಾರತೀಯ ನ್ಯಾಯ ಸಂಹಿತೆಯ ಕೊಲೆಯಲ್ಲದ ನರಹತ್ಯೆಯ 105ನೇ ಕಲಮನ್ನು ಪೆಡ್ಲರ್ ಮೇಲೆ ಧೈರ್ಯವಾಗಿ ಹೊರಿಸಬೇಕು. ಇದರಲ್ಲಿ ನನಗೆ ಸಂದೇಹವಿಲ್ಲ.

ಸಂದೇಹ ಇರುವುದು, ಸಾವೊಂದಾದರೆ ಸಾಕು, ಕೊಟ್ಟವನು ಕೊಲೆಗಾರ ಎನ್ನುವ ಬೇಡಿಕೆಯ ಬಗ್ಗೆ. ಮಗನನ್ನು ಕಳೆದುಕೊಂಡ ಮನೆಯಿಂದ ಆ ಮಾತು ಬಂದಾಗ ಎದುರಾಡಲು ಬಾಯಿ ಬರುವುದಿಲ್ಲ. ಆದರೂ ಜಾಲದ ಆಕಾರ ನೋಡಬೇಕು. 2024ರಲ್ಲಿ ಪಂಪ್‌ವೆಲ್ ಬಳಿ ಸಿಕ್ಕಿದ್ದು 15 ಗ್ರಾಂ. ಅದರ ಜಾಡು ಹಿಡಿದು ಹೋದ ಮಂಗಳೂರು ಸಿಸಿಬಿ ಪೊಲೀಸರು ಬೆಂಗಳೂರಿನಲ್ಲಿ 6 ಕಿಲೊ ವಶಪಡಿಸಿಕೊಂಡರು. 2025ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕಾದ ಇಬ್ಬರು ಮಹಿಳೆಯರ ಬಳಿ ಸಿಕ್ಕಿದ್ದು 37 ಕಿಲೊಗೂ ಹೆಚ್ಚು, ಪೊಲೀಸರ ಅಂದಾಜಿನಲ್ಲಿ 75 ಕೋಟಿ ರೂಪಾಯಿಯದು. ಅರ್ಧ ಗ್ರಾಂ ಲೆಕ್ಕದಲ್ಲಿ 74 ಸಾವಿರ ಪೊಟ್ಟಣ. ಸತ್ತವನ ಕೋಣೆಯಿಂದ ಹಿಂದಕ್ಕೆ ಹೊರಟರೆ ಮೊದಲು ಸಿಗುವವನು ಟ್ರಾಲಿ ಬ್ಯಾಗ್ ಹೊತ್ತು ವಿಮಾನ ಇಳಿದವನಲ್ಲ. ಹಣ ಒಟ್ಟುಮಾಡಿ ತಂದು ಹಂಚಿಕೊಂಡ ಸಹಪಾಠಿ. ಆ ಬೇಡಿಕೆಯ ದಾರಿಯಲ್ಲೇ ಅಮೆರಿಕ 1986ರಲ್ಲೇ, ಪೂರೈಕೆಯಿಂದ ಸಾವಾದರೆ ಕನಿಷ್ಠ 20 ವರ್ಷ ಎಂದು ಬರೆಯಿತು. 2014ರ ಬರೇಜ್ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಅದಕ್ಕೆ ಕಡಿವಾಣ ಹಾಕಬೇಕಾಯಿತು: ಆ ವಸ್ತು ಇಲ್ಲದಿದ್ದರೆ ಸಾವು ಆಗುತ್ತಿರಲಿಲ್ಲ ಎಂದು ತೋರಿಸದೆ ಆ ಶಿಕ್ಷೆ ಇಲ್ಲ.

ನನಗೆ ಹೆಚ್ಚು ದಾರಿ ತೋರಿಸುವುದು 2009ರ ಬ್ರಿಟನ್ನಿನ ಇವಾನ್ಸ್ ಪ್ರಕರಣ. ತಂಗಿಗೆ ಹೆರಾಯಿನ್ ಒದಗಿಸಿದ್ದವಳು, ಅವಳು ಒದ್ದಾಡುವಾಗ ಜೊತೆಯಲ್ಲಿದ್ದೂ ವೈದ್ಯರನ್ನು ಕರೆಯಲಿಲ್ಲ. ಒದಗಿಸಿ ಅಪಾಯ ಹುಟ್ಟಿಸಿದ ಮೇಲೆ ಕಾಪಾಡಲು ಯತ್ನಿಸುವ ಕರ್ತವ್ಯವೂ ಹುಟ್ಟುತ್ತದೆ ಎಂದು ನ್ಯಾಯಾಲಯ ಹೇಳಿತು. ನಮ್ಮಲ್ಲಿ ಸುಮ್ಮನಿದ್ದದ್ದು ಅಪರಾಧವಾಗಬೇಕಾದರೆ ಕಾನೂನು ಹೊರಿಸಿದ ಕರ್ತವ್ಯ ಮೊದಲೇ ಇರಬೇಕು. ಆ ಕರ್ತವ್ಯವನ್ನು ಎನ್‌ಡಿಪಿಎಸ್ ಕಾಯ್ದೆಯಲ್ಲೇ ಬರೆಯಬೇಕು. ಹಾಗೆ ಬರೆದರೆ ಗೆಳೆಯನ ಮೈ ಕೆಂಡದಂತೆ ಸುಡುವುದನ್ನು ಕಂಡೂ ಬಾಗಿಲೆಳೆದುಕೊಂಡು ಹೋದವನನ್ನು ನ್ಯಾಯ ಸಂಹಿತೆಯ ನಿರ್ಲಕ್ಷ್ಯದ ಸಾವಿನ 106ನೇ ಕಲಮಿನಡಿ, ಐದು ವರ್ಷದವರೆಗಿನ ಸಜೆಗೆ ಗುರಿಪಡಿಸಬಹುದು.

ಇದರ ಜೊತೆಗೇ 108 ಆಂಬುಲೆನ್ಸ್‌ಗೆ ಕರೆ ಮಾಡಿದವನಿಗೆ ರಕ್ಷಣೆ ಬೇಕು. ಅವನೂ ಸೇವಿಸಿದ್ದರೆ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಂ ಅವನನ್ನು ಹಿಡಿಯುತ್ತದೆ. ಆ ಭಯದಲ್ಲಿ ಕಳೆಯುವ ಹತ್ತು ನಿಮಿಷವೇ ಸಾವನ್ನು ಖಚಿತಪಡಿಸಬಹುದು. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ 2007ರಲ್ಲೇ ಇಂಥ ಕರೆಗೆ ರಕ್ಷಣೆ ಕೊಟ್ಟಿತು. ನಮ್ಮ ಕಾಯ್ದೆಯ 64ಎ ಕಲಂ ಕ್ಷಮಿಸುವುದು, ತಾನಾಗಿಯೇ ವ್ಯಸನಮುಕ್ತಿ ಚಿಕಿತ್ಸೆಗೆ ಸೇರಿದ ವ್ಯಸನಿಯನ್ನು ಮಾತ್ರ. ಇನ್ನೊಬ್ಬನ ಜೀವ ಉಳಿಸಲು ಫೋನ್ ಎತ್ತಿದವನನ್ನು ಅದು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.