‘ಸ್ಥಳೀಯ ತೆರಿಗೆ ಪ್ರತ್ಯೇಕ’: ಗರಿಷ್ಠ ಚಿಲ್ಲರೆ ಬೆಲೆಯ ಕಾಲನಿರ್ಣಯ

ಪೊಟ್ಟಣದ ಮೇಲೆ ಅಚ್ಚಾಗುವ ಗರಿಷ್ಠ ಚಿಲ್ಲರೆ ಬೆಲೆಯು ನಮ್ಮ ದೇಶದಲ್ಲಿ ೧೯೯೦ರಲ್ಲಿ ಆರಂಭವಾಯಿತೆಂಬ ಮಾತು ಗ್ರಾಹಕರ ಹಕ್ಕುಗಳನ್ನು ಕುರಿತ ಬರಹಗಳಲ್ಲಿಯೂ ಪರೀಕ್ಷಾರ್ಥಿಗಳ ಟಿಪ್ಪಣಿಗಳಲ್ಲಿಯೂ ಒಂದರಿಂದ ಇನ್ನೊಂದಕ್ಕೆ ನಕಲಾಗುತ್ತ ಬಂದು, ಈಗ ಪ್ರಶ್ನಾತೀತವಾದ ಸತ್ಯದ ಪದವಿಯನ್ನೇರಿ ಕುಳಿತಿದೆ. ಈ ವರ್ಷವನ್ನು ಮೊದಲು ಬರೆದವರು ಯಾರೇ ಆಗಿರಲಿ, ಅವರು ಆ ವರ್ಷದ ತಿದ್ದುಪಡಿಯನ್ನು ಓದಿದರೇ ಹೊರತು ತಿದ್ದುಪಡಿಗೊಳಗಾದ ಮೂಲನಿಯಮವನ್ನು ಓದಲಿಲ್ಲವೆಂದು ನನಗೆ ತೋರುತ್ತದೆ.    

ಔಷಧಿಗಳ ಬೆಲೆಯನ್ನು ಪ್ರಕಟಿಸಬೇಕೆಂಬ ೧೯೬೨ರ ಆಜ್ಞೆಯನ್ನಾಗಲಿ, ತುರ್ತುಪರಿಸ್ಥಿತಿಯ ಕಾಲದ ೧೯೭೫ರ ಪೊಟ್ಟಣ ಸರಕುಗಳ ನಿಯಂತ್ರಣಾಜ್ಞೆಯನ್ನಾಗಲಿ ನಾನಿಲ್ಲಿ ವಿಸ್ತರಿಸುವುದಿಲ್ಲ. ವಿವಾದದ ಕೇಂದ್ರವಿರುವುದು ೧೯೭೬ರ ತೂಕ ಮತ್ತು ಅಳತೆಗಳ ಮಾನಕ ಅಧಿನಿಯಮದಡಿ ರಚಿತವಾದ ೧೯೭೭ರ ಪೊಟ್ಟಣ ಸರಕುಗಳ ನಿಯಮಗಳಲ್ಲಿ. ತಯಾರಕನ ಹೆಸರು-ವಿಳಾಸ, ನಿವ್ವಳ ತೂಕ, ತಯಾರಿಕೆಯ ತಿಂಗಳು-ವರ್ಷ, ಇವುಗಳೊಡನೆ ಚಿಲ್ಲರೆ ಬೆಲೆಯನ್ನೂ ಪೊಟ್ಟಣದ ಮೇಲೆ ನಮೂದಿಸಬೇಕೆಂದು ಅವುಗಳ ೬ನೆಯ ನಿಯಮವು ವಿಧಿಸಿತು. ಹಾಗೆ ನಮೂದಾದ ಬೆಲೆಯನ್ನು ಮೀರಿ ಯಾವ ಚಿಲ್ಲರೆ ವ್ಯಾಪಾರಿಯೂ ಮಾರಕೂಡದೆಂದು ೨೩ನೆಯದು ನಿಷೇಧಿಸಿತು. ನಮೂದು, ನಿಷೇಧ ಎಂಬ ಈ ಎರಡು ಅಂಗಗಳೂ ಕೂಡಿದ ಮೇಲೆ ‘ಗರಿಷ್ಠ’ವೆಂಬುದಕ್ಕೆ ಇನ್ನೇನು ಬೇಕು?

೧೯೯೦ರ ಪಕ್ಷಪಾತಿಗಳು ಇದಕ್ಕೆ ಕೊಡುವ ಉತ್ತರವು ಒಂದೇ ಒಂದು ಆಧಾರದ ಮೇಲೆ ನಿಂತಿದೆ. ಆ ವರ್ಷಕ್ಕೆ ಹಿಂದಿನ ಪೊಟ್ಟಣಗಳಲ್ಲಿ ಬೆಲೆಯ ಮುಂದೆ ‘ಸ್ಥಳೀಯ ತೆರಿಗೆ ಪ್ರತ್ಯೇಕ’ವೆಂಬ ಅರ್ಥದ ಇಂಗ್ಲಿಷ್ ಒಕ್ಕಣೆಯೊಂದು, ಸಾಬೂನಿನ ಹೊದಿಕೆಯ ಮಡಿಕೆಯಲ್ಲಿ ಬೆಲೆಗಿಂತಲೂ ಸಣ್ಣ ಅಕ್ಷರಗಳಲ್ಲಿ, ಅನೇಕ ವೇಳೆ ಅಂಟಿನ ಕೆಳಗೆ ಅರ್ಧ ಮರೆಯಾಗಿ, ಇರುತ್ತಿತ್ತು. ತೆರಿಗೆಯನ್ನು ಮೇಲೆ ಸೇರಿಸಿಕೊಳ್ಳಬಹುದಾಗಿದ್ದ ಕಾರಣ ಆ ಬೆಲೆಯು ಕೇವಲ ಸಲಹೆಯೆಂದೂ, ಮಿತಿಯಲ್ಲವೆಂದೂ ಅವರ ತರ್ಕ. ಅದನ್ನು ಒಪ್ಪುವ ಮೊದಲು ಅಂದಿನ ಮಾರಾಟ ತೆರಿಗೆಯು ಹೇಗೆ ನಡೆಯುತ್ತಿತ್ತೆಂಬುದನ್ನು ನೋಡಬೇಕು. ಅವರು ನೋಡದೆ ಬಿಟ್ಟದ್ದು ಅದನ್ನೇ.

ಮಾರಾಟ ತೆರಿಗೆಯು ರಾಜ್ಯಗಳ ವಿಷಯವಾಗಿತ್ತು. ದರವು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿತ್ತು. ಹಿರಿಯೂರು ತಾಲ್ಲೂಕಿನ ಧರ್ಮಪುರದಲ್ಲಿ ಮಾರಾಟವಾಗುವ ಸಾಬೂನೇ ಗಡಿಯಾಚೆಯ ಮಡಕಶಿರಾ ಸೀಮೆಯಲ್ಲಿ ಇನ್ನೊಂದು ಸರ್ಕಾರದ ತೆರಿಗೆಗೆ ಒಳಪಡುತ್ತಿದ್ದುದರಿಂದ, ದೂರದ ಮುಂಬಯಿಯ ತಯಾರಕನು ಎಲ್ಲೆಡೆಗೂ ಒಂದೇ ಬೆಲೆಯನ್ನು ಅಚ್ಚು ಹಾಕಲಾರನಾಗಿದ್ದನು. ಆದಕಾರಣ ನಿಯಮವು ಎರಡು ದಾರಿಗಳನ್ನು ತೆರೆದಿಟ್ಟಿತು: ತೆರಿಗೆಯನ್ನು ಹೊರಗಿಟ್ಟ ಗರಿಷ್ಠ ಬೆಲೆಯನ್ನಾದರೂ ಬರೆಯಬಹುದು, ಎಲ್ಲ ತೆರಿಗೆಗಳನ್ನೊಳಗೊಂಡ ಬೆಲೆಯನ್ನಾದರೂ ಬರೆಯಬಹುದು. ಮೊದಲ ದಾರಿಯಲ್ಲಿಯೂ ಹೊರಗುಳಿದದ್ದು ತೆರಿಗೆ ಮಾತ್ರ, ಲಾಭವಲ್ಲ.

ಇನ್ನು ರಾಮಗಿರಿಯಂಥ ಹೋಬಳಿಯ ಊರಿನ ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಹೊಳಲ್ಕೆರೆಯ ಅಥವಾ ಚಿತ್ರದುರ್ಗದ ಸಗಟು ವ್ಯಾಪಾರಿಯಿಂದ ಸರಕು ತರುವ ಅಂಗಡಿಯವನು ಐದು ರೂಪಾಯಿಯ ಸಾಬೂನಿಗೆ ‘ಟ್ಯಾಕ್ಸ್ ಬೇರೆ’ ಎಂದು ಐವತ್ತು ಪೈಸೆ ಕೇಳಿದನೆಂದು ಇಟ್ಟುಕೊಳ್ಳೋಣ. ೧೯೫೭ರ ನಮ್ಮ ಮಾರಾಟ ತೆರಿಗೆ ಅಧಿನಿಯಮದ ಎರಡನೆಯ ಅನುಸೂಚಿಯಲ್ಲಿ ಸೇರಿದ ಸರಕುಗಳಿಗೆ ತೆರಿಗೆಯು ರಾಜ್ಯದೊಳಗಿನ ಮೊದಲ ಮಾರಾಟದ ಹಂತದಲ್ಲಿಯೇ, ಒಂದೇ ಸಲ, ಬೀಳುತ್ತಿತ್ತು. ಅಂಥ ಸರಕು ರಾಮಗಿರಿಯನ್ನು ಮುಟ್ಟುವ ವೇಳೆಗೆ ತೆರಿಗೆ ಸಂದಾಯವಾಗಿ, ಅಂಗಡಿಯವನ ಕೊಳ್ಳುವ ಬೆಲೆಯಲ್ಲಿಯೇ ಸೇರಿಹೋಗಿರುತ್ತಿತ್ತು. ಮೇಲಿನ ಹಂತದಲ್ಲಿ ಸಂದ ಆ ತೆರಿಗೆಯ ಮೊತ್ತವನ್ನು ಅವನು ಗಿರಾಕಿಯಿಂದ ಪಡೆದುಕೊಂಡರೆ ಅದು ಒಕ್ಕಣೆಗೆ ಅನುಗುಣವೇ ಸರಿ. ಆದರೆ ಸಗಟು ದರದ ಮೇಲೆ ಬಿದ್ದ ತೆರಿಗೆಯು ಚಿಲ್ಲರೆ ಬೆಲೆಯ ಮೇಲೆ ಲೆಕ್ಕಹಾಕಿದ ಐವತ್ತು ಪೈಸೆಗಿಂತ ಕಡಿಮೆಯೇ ಆಗಿರುತ್ತಿತ್ತು. ಉಳಿದ ಪೈಸೆಗಳು ಸರ್ಕಾರದ ಬೊಕ್ಕಸಕ್ಕಲ್ಲ, ಅವನ ಗಲ್ಲಾಪೆಟ್ಟಿಗೆಗೇ ಹೋಗುತ್ತಿದ್ದುವು. ಸ್ಥಳೀಯವೆನ್ನಬಹುದಾಗಿದ್ದ ಇನ್ನೊಂದು ಕರ, ಊರೊಳಗೆ ಬರುವ ಸರಕಿನ ಮೇಲೆ ಪುರಸಭೆಗಳು ಹಾಕುತ್ತಿದ್ದ ಆಕ್ಟ್ರಾಯ್, ನಮ್ಮ ರಾಜ್ಯದಲ್ಲಿ ೧೯೭೯ರಲ್ಲಿಯೇ ರದ್ದಾಗಿತ್ತು. ಹೀಗಿರುವಾಗ, ವಸೂಲಿಯಲ್ಲಿ ನಡೆದ ಅಕ್ರಮವನ್ನು ಕಂಡು ನಿಯಮವೇ ಇರಲಿಲ್ಲವೆನ್ನುವುದು ಯಾವ ನ್ಯಾಯ?

ಎದುರುಪಕ್ಷಕ್ಕೆ ಸಲ್ಲಬೇಕಾದುದನ್ನು ಸಲ್ಲಿಸುತ್ತೇನೆ. ತೆರಿಗೆಯು ಯಾವ ಹಂತದಲ್ಲಿ, ಎಷ್ಟು ಮೊತ್ತದ ಮೇಲೆ ಸಂದಿತೆಂಬುದನ್ನು ಗಿರಾಕಿಯು ತಿಳಿಯುವ ಬಗೆ ಇರಲಿಲ್ಲ. ಮಿತಿಯಿತ್ತು, ಆದರೆ ಅದರ ಕೊನೆಯ ಅಂಕಿ ಅವನಿಗೆ ಕಾಣುತ್ತಿರಲಿಲ್ಲ. ೧೯೯೦ರ ತಿದ್ದುಪಡಿಯು ಎರಡು ದಾರಿಗಳಲ್ಲಿ ಒಂದನ್ನು ಮುಚ್ಚಿ, ‘ಎಲ್ಲ ತೆರಿಗೆಗಳನ್ನೊಳಗೊಂಡು’ ಎಂಬುದನ್ನು ಕಡ್ಡಾಯ ಮಾಡಿದ್ದು ಈ ಕೊರತೆಯ ನಿವಾರಣೆಗಾಗಿ. ಅದು ದೊಡ್ಡ ಸುಧಾರಣೆ; ಆದರೆ ಸುಧಾರಣೆಯೇ, ಹುಟ್ಟಲ್ಲ. ಬೆಲೆ ನಮೂದಿಸದ ಫಿಲ್ಮ್ ಸುರುಳಿಯ ವಿಷಯದಲ್ಲಿ ಎಚ್.ಡಿ. ಶೌರಿಯವರು ಹೂಡಿದ ವ್ಯಾಜ್ಯವು ೧೯೯೯ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾದಾಗ, ಚರ್ಚೆಗೆ ಆಧಾರವಾದುದೂ ೧೯೭೭ರ ನಿಯಮಗಳೇ ಎಂಬುದನ್ನು ಎದುರುಪಕ್ಷದವರು ಗಮನಿಸಬಹುದಾಗಿತ್ತು.

ಹದಿಮೂರು ವರ್ಷಗಳ ಈ ಅಂತರವು ಪಂಡಿತರ ಲೆಕ್ಕಾಚಾರದ ವಿಷಯ ಮಾತ್ರವೆಂದು ಯಾರೂ ಭಾವಿಸಬಾರದು. ೧೯೯೦ಕ್ಕೆ ಮೊದಲು ಮಿತಿಯೇ ಇರಲಿಲ್ಲವೆಂದರೆ, ಆ ಅವಧಿಯಲ್ಲಿ ಹೆಚ್ಚಾಗಿ ವಸೂಲಾದ ಹಣವೆಲ್ಲ ನ್ಯಾಯವಾದ ವ್ಯಾಪಾರವಾಗಿಬಿಡುತ್ತದೆ. ಇಂದಿಗೂ ತಂಪುಪಾನೀಯಕ್ಕೆ ‘ಫ್ರಿಜ್ಜಿನ ಖರ್ಚು’ ಎಂದು ಎರಡು ರೂಪಾಯಿ ಕೇಳುವ ಅಂಗಡಿಯವನ ವಾದವೂ ಇದೇ ಕುಲದ್ದು: ಅಚ್ಚಾದ ಬೆಲೆ ಒಂದು, ಇತರ ಖರ್ಚು ಬೇರೆ. ೨೦೧೧ರ ಪೊಟ್ಟಣ ಸರಕುಗಳ ನಿಯಮಗಳಲ್ಲಿಯೂ ಅದಕ್ಕೆ ಅವಕಾಶವಿಲ್ಲ. ಬೆಲೆಯನ್ನು ಇಳಿಸಿ ಚೀಟಿ ಅಂಟಿಸಬಹುದು, ಆದರೆ ಆ ಚೀಟಿಯೂ ಮೂಲದ ಅಂಕಿಯನ್ನು ಮುಚ್ಚಕೂಡದೆಂದು ಅವು ಹೇಳುತ್ತವೆ. ಪೊಟ್ಟಣದ ಬೆಲೆಯ ಇತಿಹಾಸವನ್ನು ಮುಂದೆ ಬರೆಯುವವರು ತೂಕ-ಅಳತೆಯ ನಿಯಮಗಳ ಪಕ್ಕದಲ್ಲಿ ಮಾರಾಟ ತೆರಿಗೆಯ ಅನುಸೂಚಿಗಳನ್ನೂ ತೆರೆದಿಟ್ಟುಕೊಂಡು ಓದಲಿ. ಒಂದನ್ನೇ ಓದಿದವರಿಗೆ ೧೯೯೦ ಆರಂಭವಾಗಿ ಕಾಣುವುದು ಅನಿವಾರ್ಯ.